ಸೋಮವಾರದ ಮಾತ್ರೆ, ಗುರುವಾರದ ಮಾತ್ರೆ

ಫೆಬ್ರವರಿ 9, ಸೋಮವಾರ

ಎಡಗಡೆಯವರಿಗೆ,

ಹೀಗೆ ಕರೆದದ್ದಕ್ಕೆ ಬೇಸರಿಸಬೇಡಿ. ನಿಮ್ಮ ಹೆಸರು ಕೇಳಲು ನಾಚಿಕೆಯಾಯಿತು. ರಕ್ತ ತೆಗೆಯುವ ಅಕ್ಕನ ಹತ್ತಿರ 'ಅವರು ಹೇಗಿದಾರೆ?' ಎಂದಷ್ಟೇ ಕೇಳಿದ್ದೆ.

'ಯಾರು, ಎಡಗಡೆನಾ? ಅವನು ಗುರುವಾರ ಬರ್ತಾನೆ. ಬಾಯಿ ತುಂಬ ಹುಣ್ಣಂತೆ, ಮಾತು ಕಮ್ಮಿ. ಏನಾದ್ರೂ ಹೇಳೋದಿದ್ರೆ ಬರ್ಕೊಡು, ಕೊಡ್ತೀನಿ. ಸೂಜಿ ಹಿಡಿದವಳು ಟಪಾಲು ಹಿಡಿಯಲ್ವಾ?' ಎಂದರು.

ನಾನು ಬಲಗಡೆಯವಳು. ನವೆಂಬರಿನಲ್ಲಿ ಗಾಜಿನ ಗೋಡೆಯ ಆಚೆ ಹಸಿರು ಟೋಪಿ ಹಾಕಿಕೊಂಡು ಕೂತಿರುತ್ತಿದ್ದೆನಲ್ಲ, ಅವಳು. ನೀವು ದಿನಾ ಬೆಳಗ್ಗೆ ಮೂತ್ರದ ಜಾಡಿಯನ್ನು ಗಾಜಿಗೆ ಹಿಡಿದು ಬೆರಳಲ್ಲಿ ಲೀಟರ್ ಲೆಕ್ಕ ತೋರಿಸುತ್ತಿದ್ದಿರಿ, ಓಟದಲ್ಲಿ ಕಪ್ ಗೆದ್ದವರ ಹಾಗೆ. ಮೊದಲ ದಿನ ನನಗೆ ಹೇಸಿಗೆಯಾಯಿತು. ಮೂರನೆಯ ದಿನ ನಾನೂ ನನ್ನದನ್ನು ಎತ್ತಿ ತೋರಿಸಿದೆ. ಅವತ್ತು ನೀವು ನಕ್ಕದ್ದು ಮಾಸ್ಕಿನ ಮೇಲಿನ ಕಣ್ಣಿನಲ್ಲೇ ಗೊತ್ತಾಯಿತು.

ಒಬ್ಬರೇ ಪುಣ್ಯಾತ್ಮರ ಎರಡು ಕಿಡ್ನಿ, ಎಡದ್ದು ನಿಮಗೆ, ಬಲದ್ದು ನನಗೆ. ಇದನ್ನು ನಮಗೆ ಯಾರೂ ಹೇಳಬಾರದಿತ್ತಂತೆ. ಅಕ್ಕ ಬಾಯಿ ತಪ್ಪಿ ಅಂದುಬಿಟ್ಟರು, ಇಬ್ಬರೂ ಕೇಳಿಸಿಕೊಂಡುಬಿಟ್ಟೆವು.

ಮನೆಗೆ ಕಳಿಸುವ ಮುಂಚೆ ಆ ಔಷಧದ ಅಧ್ಯಯನಕ್ಕೆ ಸಹಿ ಹಾಕಿದೆವಲ್ಲ, ಅದು ನಮ್ಮನ್ನು ಬೇರೆ ಬೇರೆ ವಾರಕ್ಕೆ ಎಸೆದುಬಿಟ್ಟಿತು. ಬಂದ ಕಿಡ್ನಿಯನ್ನು ಮೈ ಹೊರಗಿನದೆಂದು ತಳ್ಳಿಬಿಡದಂತೆ ತಡೆಯಲು ನನಗೊಂದು ಮಾತ್ರೆ, ನಿಮಗೊಂದು. ನಮ್ಮ ಗುಂಪಿಗೆ ತಪಾಸಣೆ ಸೋಮವಾರ, ನಿಮ್ಮದಕ್ಕೆ ಗುರುವಾರ. ಆ ಮಾತ್ರೆಗಳ ಉದ್ದ ಹೆಸರು ಯಾರ ಬಾಯಲ್ಲೂ ಹೊರಳುವುದಿಲ್ಲ. ಇಲ್ಲಿ ಬೆಂಚಿನ ಮೇಲೆ ಎಲ್ಲರೂ ಸೋಮವಾರದ ಮಾತ್ರೆ, ಗುರುವಾರದ ಮಾತ್ರೆ ಎಂದೇ ಕರೆಯುತ್ತಾರೆ.

ಕಾಗದಕ್ಕೆ 'ಕ್ಷೇಮ' ಎಂದು ಶುರು ಮಾಡುತ್ತಾರೆ. ನಮ್ಮಂಥವರು ಕ್ರಿಯಾಟಿನಿನ್ ಬರೆದರೆ ಸಾಕು ಅನ್ನಿಸಿತು. ಆ ಅಂಕಿ ಇಳಿದಷ್ಟೂ ಕಿಡ್ನಿ ಚೆನ್ನ, ಏರಿದರೆ ಕೆಟ್ಟಿತು. ನನ್ನದು 1.1. ನಿಮ್ಮದು?

ಇಂತಿ,
ಬಲಗಡೆಯವಳು

*

ಫೆಬ್ರವರಿ 12, ಗುರುವಾರ

ಬಲಗಡೆಯವರಿಗೆ,

1.3. ಎಡದ್ದು ಸ್ವಲ್ಪ ಸೋಮಾರಿ.

ಇದನ್ನು ಬೆಂಚಿನ ಮೇಲೆ ಕೂತು ಬಸ್ಸಿನ ವೇಳಾಪಟ್ಟಿಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಾನು ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಕೆಲಸದವನು. ಯಾವ ಬಸ್ಸು, ಎಲ್ಲಿಗೆ, ಯಾವ ಪ್ಲಾಟ್‌ಫಾರ್ಮು ಎಂದು ಕೂಗುವುದು. ಎಲ್ಲಿಗೂ ಹೋಗದೆ ದಿನವಿಡೀ ಎಲ್ಲ ಊರುಗಳ ಹೆಸರು ಹೇಳುವ ಉದ್ಯೋಗ. ಗುರುವಾರದ ಮಾತ್ರೆ ಬಾಯಿಗೆ ಹಿಡಿದಿದೆ. ನಾಲಿಗೆಯ ಪಕ್ಕ ಎರಡು, ಕೆಳತುಟಿಯ ಒಳಗೆ ಒಂದು. ದೊಡ್ಡ ಹೆಸರಿನ ಊರು ಬಂದರೆ ಕಣ್ಣಲ್ಲಿ ನೀರು. ಡ್ರೈವರುಗಳು 'ಏನಯ್ಯ, ನಮ್ಮ ಬಸ್ಸು ಹೊರಟ್ರೆ ಅಳ್ತೀಯಾ?' ಎಂದು ರೇಗಿಸುತ್ತಾರೆ. ಕಾಲಿಗೆ ಬೂಟು ಕಚ್ಚಿದ ಗಾಯ ಮಾಯಲು ಒಂದು ತಿಂಗಳು ಹಿಡಿಯಿತು. ಅಷ್ಟು ಬಿಟ್ಟರೆ ಆರಾಮ.

ನನ್ನದೊಂದು ಪ್ರತಾಪ ಕೇಳಿ. ತಪಾಸಣೆಯ ದಿನ ಮೊದಲು ರಕ್ತ ಕೊಡಬೇಕು, ಆಮೇಲೆ ಬೆಳಗಿನ ಮಾತ್ರೆ ನುಂಗಬೇಕು, ಅಲ್ಲವೇ? ಡಿಸೆಂಬರಿನಲ್ಲಿ ಒಂದು ಸಲ ಬಸ್ಸಿನಲ್ಲಿ ಬರುವಾಗ ಅಮ್ಮ ಅಭ್ಯಾಸಬಲದಿಂದ ಮಾತ್ರೆ ಅಂಗೈಗೆ ಹಾಕಿದರು, ನಾನೂ ಅಭ್ಯಾಸಬಲದಿಂದ ನುಂಗಿದೆ. ರಕ್ತದಲ್ಲಿ ಔಷಧದ ಮಟ್ಟ ಆಕಾಶಕ್ಕೆ! ಹೆಚ್ಚಾಯಿತೆಂದು ಡಾಕ್ಟರು ಮಾತ್ರೆ ಇಳಿಸಿದರು. ಹತ್ತು ದಿನ ಬಾಯಿ ಹೂವಿನ ಹಾಗಿತ್ತು; ಊರುಗಳ ಹೆಸರನ್ನು ರಾಗವಾಗಿ ಹೇಳಿದೆ. ಆಮೇಲೆ ಹೆದರಿಕೆಯಾಗಿ ಅಕ್ಕನ ಹತ್ತಿರ ಬಾಯಿಬಿಟ್ಟೆ.

'ಲೋ, ಹೊಟ್ಟೆ ತುಂಬ ಉಂಡು ಬಂದು ಹಸಿವು ಎಷ್ಟಿದೆ ನೋಡಿ ಅಂದಂಗಾಯ್ತು. ಕಿಡ್ನಿ ಹೋದ್ರೆ ಬಾಯಿ ಇಟ್ಕೊಂಡು ಏನ್ ಮಾಡ್ತೀಯಾ?' ಎಂದು ಅಷ್ಟು ಜನರ ಮುಂದೆ ಝಾಡಿಸಿದರು. ಮತ್ತೆ ಹಳೆಯ ಲೆಕ್ಕ, ಹಳೆಯ ಹುಣ್ಣು.

ಸೋಮವಾರದ ಮಾತ್ರೆ ಹೇಗೆ? ಕೈ ನಡುಗುತ್ತದೆ ಎಂದು ಬೆಂಚಿನಲ್ಲಿ ಕೇಳಿದ್ದೇನೆ. ನಿಮ್ಮ ಅಕ್ಷರ ಅಲ್ಲಲ್ಲಿ ನಡುಗಿದೆ. ಓದಲು ತೊಂದರೆಯೇನಿಲ್ಲ, ಇನ್ನೂ ಉದ್ದ ಬರೆಯಬಹುದು.

ಇಂತಿ,
ಎಡಗಡೆಯವನು

*

ಮಾರ್ಚ್ 9, ಸೋಮವಾರ

ಎಡಗಡೆಯವರಿಗೆ,

1.1.

ನಿಮ್ಮ ವೇಳಾಪಟ್ಟಿ ಎರಡೂ ಕಡೆ ಓದಿದೆ. ನಿಮ್ಮ ಊರಿನಿಂದ ಇಷ್ಟೊಂದು ಬಸ್ಸುಗಳು ಹೊರಡುತ್ತವೆಂದು ಗೊತ್ತಿರಲಿಲ್ಲ. ನಮ್ಮ ಊರಿಗೂ ಒಂದಿದೆ, ಮಧ್ಯಾಹ್ನದ್ದು.

ಕೈ ನಡುಗುತ್ತದೆ, ಹೌದು. ತಪಾಸಣೆಯಲ್ಲಿ ಪ್ರತಿ ಸಲ ಒಂದು ಹಾಳೆ ಕೊಡುತ್ತಾರೆ. 'ನಡುಕ: ಇಲ್ಲ, ಸ್ವಲ್ಪ, ಮಧ್ಯಮ, ತೀವ್ರ.' ನಾನು 'ಸ್ವಲ್ಪ'ಕ್ಕೆ ಗುರುತು ಹಾಕುತ್ತೇನೆ. ಸುಳ್ಳಲ್ಲ. ಲೋಟ ಹಿಡಿಯುತ್ತೇನೆ, ಗುಂಡಿ ಹಾಕಿಕೊಳ್ಳುತ್ತೇನೆ, ಚೆಲ್ಲದೆ ಸಾರು ಬಡಿಸುತ್ತೇನೆ. ಆದರೆ ನಾನು ಕಣ್ಣು ಬರೆಯುವವಳು.

ಒಂದು ಕಣ್ಣು ಕಳೆದುಕೊಂಡವರಿಗೆ ನಮ್ಮ ಕಾರ್ಖಾನೆಯಲ್ಲಿ ಕೃತಕ ಕಣ್ಣು ಮಾಡುತ್ತೇವೆ. ಕಾರ್ಖಾನೆ ಅಂದರೆ ಮಹಡಿಯ ಮೇಲಿನ ಎರಡು ಕೋಣೆ, ಉತ್ತರದ ಕಿಟಕಿಗೆ ಒಂದು ಮೇಜು. ಬಂದವರನ್ನು ಎದುರಿಗೆ ಕೂರಿಸಿಕೊಂಡು, ಉಳಿದಿರುವ ಕಣ್ಣನ್ನು ನೋಡುತ್ತ, ಅದರ ಜೋಡಿಯನ್ನು ಭೂತಗನ್ನಡಿಯ ಕೆಳಗೆ ಬರೆಯುತ್ತೇನೆ. ಕಪ್ಪುಗುಡ್ಡೆ ಎಂದು ಬಾಯಿಮಾತಿಗೆ ಹೇಳುತ್ತೇವೆ. ಅದರಲ್ಲಿ ಕಪ್ಪು ನಡುವಿನ ಚುಕ್ಕೆಯಷ್ಟೇ. ಸುತ್ತಲೂ ಕಂದು, ಜೇನು, ಬೂದಿ, ಒಂದರ ಮೇಲೊಂದು ನೂರಾರು ಗೆರೆ. ಕೊನೆಗೆ ಬಿಳಿಯ ಮೇಲೆ ಕೆಂಪು ರೇಷ್ಮೆಯ ಎಳೆ ಬಿಡಿಸಿ ನರ ಕೂರಿಸಬೇಕು. ಅಲ್ಲಿ 'ಸ್ವಲ್ಪ' ಅಂದರೆ ಎಲ್ಲ ಹೋದಂತೆ.

ಈಗ ಗಡಿಯಾರದ ಅಂಗಡಿಯ ಒಬ್ಬ ಹೆಂಗಸು ಬರುತ್ತಿದ್ದಾರೆ. 'ನಮ್ಮ ಯಜಮಾನರು ನನ್ನ ಮುಖ ನೋಡಿ ಮಾತಾಡೋದೇ ಬಿಟ್ಟಿದಾರಮ್ಮ. ಕೆಟ್ಟವರಲ್ಲ. ಅವರಿಗೆ ಆಗಲ್ಲ ಅಷ್ಟೆ' ಎಂದರು. ಅವರ ಕಣ್ಣನ್ನು ಎರಡು ಸಲ ಬರೆದು ಎರಡು ಸಲ ಒರೆಸಿದೆ. ಮೊನ್ನೆಯಿಂದ ಮಾಲೀಕರು ನನಗೆ ಅಚ್ಚು ಉಜ್ಜುವ ಕೆಲಸ ಕೊಡುತ್ತಿದ್ದಾರೆ, ನನ್ನ ಕುಂಚಗಳನ್ನು ಇನ್ನೊಬ್ಬಳ ಮೇಜಿಗೆ ಇಟ್ಟಿದ್ದಾರೆ. ಎಡಗಡೆಯವರೇ, ಡಯಾಲಿಸಿಸ್ಸಿನ ಆ ಎರಡು ವರ್ಷ ನಾನು ಬದುಕಬೇಕೆಂದು ಆಸೆಪಟ್ಟದ್ದು ಬರೇ ಬದುಕಿಗಲ್ಲ, ಆ ಕಿಟಕಿಯ ಬೆಳಕಿಗೆ.

ಇರಲಿ, ನಗಿಸುತ್ತೇನೆ. ನಿಮ್ಮ ಕಾಗದ ಓದುತ್ತಿದ್ದಾಗ ಅಪ್ಪ ಕೇಳಿದರು, 'ಅವರು ನಿನಗೇನಾಗಬೇಕು?' ನಾನು ಕಾಗದ ಮಡಚುವಷ್ಟರಲ್ಲಿ ಅವರೇ ಲೆಕ್ಕ ಹಾಕಿದರು. 'ಒಂದೇ ಮೈಯಿಂದ ಬಂದ ಎರಡು ಕಿಡ್ನಿ ಅಂದ್ರೆ ಅವೆರಡೂ ಅಕ್ಕತಂಗಿ. ಒಬ್ಬಳನ್ನ ಅವರು ಮನೆ ತುಂಬಿಸಿಕೊಂಡರು, ಒಬ್ಬಳನ್ನ ನೀನು. ಹಾಗಾದ್ರೆ ನೀವಿಬ್ಬರೂ ಷಡ್ಡಕರು!' ನಕ್ಕೂ ನಕ್ಕೂ ಹೊಲಿಗೆ ಹಾಕಿದ ಜಾಗ ನೋಯಿತು.

ಈ ಕಾಗದದ ಮೇಲೆ 'ಅಣ್ಣನವರಿಗೆ' ಎಂದು ಬರೆಯಲು ಹೊರಟಿದ್ದೆ, ಎಲ್ಲರಿಗೂ ಹಾಗೆ ಬರೆಯುವುದೇ ವಾಡಿಕೆಯಲ್ಲವೇ. ಕೈ ಬರಲಿಲ್ಲ.

ಇಂತಿ,
ಬಲಗಡೆಯವಳು

*

ಮಾರ್ಚ್ 12, ಗುರುವಾರ

ಷಡ್ಡಕರಿಗೆ,

1.2. ಸೋಮಾರಿ ಎದ್ದು ಕೂತಿದೆ. ನಿಮ್ಮ ಅಪ್ಪನವರಿಗೆ ನಮಸ್ಕಾರ ಹೇಳಿ.

ಇವತ್ತು ಧೈರ್ಯ ಮಾಡಿ ಡಾಕ್ಟರನ್ನು ಕೇಳಿದೆ, ವಾರ ಬದಲಿಸಬಹುದೇ ಎಂದು. 'ಯಾಕೆ, ಗುರುವಾರ ಏನು ತೊಂದರೆ?' ಎಂದರು. ಏನೂ ತೋಚದೆ 'ಗುರುವಾರ ಬಸ್ಸು ರಶ್ಶು' ಎಂದುಬಿಟ್ಟೆ. ಬಸ್ ನಿಲ್ದಾಣದವನು! ಅವರು ನಗಲಿಲ್ಲ, ಕುರ್ಚಿ ತೋರಿಸಿ ಕೂರಿಸಿದರು.

'ನೋಡಿ, ನಿಮ್ಮಂಥ ಜೋಡಿ ನಮಗೆ ಬಹಳ ಮುಖ್ಯ. ಕಿಡ್ನಿ ಕೊಟ್ಟವರು ಒಬ್ಬರೇ, ತೆಗೆದ ಹೊತ್ತು ಒಂದೇ. ಹಾಗಾಗಿ ಮುಂದೆ ಏನಾದ್ರೂ ವ್ಯತ್ಯಾಸ ಕಂಡ್ರೆ ಅದು ಔಷಧದ್ದು ಅಂತ ಹೇಳೋಕೆ ಹೆಚ್ಚು ಧೈರ್ಯ ಬರುತ್ತೆ. ಬೆರೆತು ಮಾತಾಡ್ಕೊಂಡ್ರೆ ಒಬ್ಬರನ್ನ ನೋಡಿ ಇನ್ನೊಬ್ಬರು ಹಾಳೆ ತುಂಬ್ತೀರಿ. ಅದಕ್ಕೇ ಬೇರೆ ಬೇರೆ ವಾರ.'

ಯಾವುದು ಒಳ್ಳೆಯದು ಸಾರ್ ಎಂದು ಕೇಳಿದೆ. ಮೈ ಕಿಡ್ನಿಯ ಮೇಲೆ ತಿರುಗಿಬೀಳದಂತೆ ತಡೆಯುವುದರಲ್ಲಿ ಸೋಮವಾರದ್ದು ಇಲ್ಲಿಯವರೆಗೆ ಒಂದು ಕೈ ಮೇಲಂತೆ. ಆದರೆ ನಡುಕ, ಸಕ್ಕರೆ, ವರ್ಷಗಳು ಕಳೆದ ಹಾಗೆ ಕಿಡ್ನಿಗೇ ಸ್ವಲ್ಪ ಭಾರ. ಗುರುವಾರದ್ದು ಆ ವಿಷಯದಲ್ಲಿ ಮೃದು, ಆದರೆ ಬಾಯಿ, ಗಾಯ, ಕೊಬ್ಬು. ತಡೆಯಲಾರದೆ ಬಿಟ್ಟು ಹೋದವರೂ ಹೆಚ್ಚು. 'ಒಟ್ಟು ಲೆಕ್ಕ ಬರೋಕೆ ಇನ್ನೂ ವರ್ಷಗಳು ಬೇಕು' ಎಂದರು. ನಿಮ್ಮ ಕಿಟಕಿಯ ಬೆಳಕು ಆ ಒಟ್ಟು ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಬೇಕೆನ್ನಿಸಿತು. ಆಗಲೇ ಮುಂದಿನವರನ್ನು ಕರೆದರು.

ನಾನು ಮೈಕಿನಲ್ಲಿ ಕೂಗುವ ಊರುಗಳಲ್ಲಿ ನಿಮ್ಮದು ಒಂದು. ಪುಟ್ಟ ಹೆಸರು, ಹುಣ್ಣಿಗೆ ತಾಗುವುದಿಲ್ಲ. ಮೊದಲು ಒಂದು ಸಲ ಕೂಗುತ್ತಿದ್ದೆ, ಈಗ ಎರಡು ಸಲ ಕೂಗುತ್ತೇನೆ. ಆ ಬಸ್ಸಿಗೆ ಹತ್ತುವವರು ಹೇಗೂ ಮೂರೇ ಜನ.

ಡಾಕ್ಟರಿಗೆ ಕೈಯ ವಿಷಯ ಸರಿಯಾಗಿ ಹೇಳಿ. 'ತೀವ್ರ'ಕ್ಕೆ ಗುರುತು ಹಾಕಿ. ನಿಮ್ಮ ಕೆಲಸಕ್ಕೆ ಅದು ತೀವ್ರವೇ.

ಇಂತಿ,
ಎಡಗಡೆಯವನು

*

ಮೇ 4, ಸೋಮವಾರ

ಎಡಗಡೆಯವರಿಗೆ,

1.4. ಗಾಬರಿಯಾಗಬೇಡಿ, ಬಿಸಿಲು ಜಾಸ್ತಿ, ನೀರು ಕಡಿಮೆ ಕುಡಿದಿರಬೇಕು.

ಏಪ್ರಿಲ್ ಪೂರ್ತಿ ಬರೆಯಲಿಲ್ಲ, ಯಾಕೆಂದರೆ ಪೂರ್ತಿ ಕೆಲಸ ಮಾಡಿದೆ! ನನ್ನ ಅಕ್ಷರ ನೋಡಿ. ಗೆರೆಯ ಮೇಲೆ ಕೂತಿವೆಯೋ ಇಲ್ಲವೋ? ಗಡಿಯಾರದ ಅಂಗಡಿಯವರ ಕಣ್ಣು ಮುಗಿಯಿತು. ಮೊನ್ನೆ ಅವರ ಯಜಮಾನರೂ ಬಂದಿದ್ದರು, ಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದರು. ಕಣ್ಣು ಕೂರಿಸಿಕೊಂಡು ಇವರು ಅವರ ಮುಂದೆ ಹೋಗಿ ನಿಂತು 'ಈಗ ಹೇಳಿ, ಮಾಡಿಸಿದ್ದು ಯಾವುದು?' ಎಂದರು. ಅವರು ತಲೆಯೆತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ತೋರಿಸಿದರು, ನಿಜವಾದ ಕಣ್ಣಿನ ಕಡೆಗೆ. ಆ ಹೆಂಗಸು ನಗುತ್ತ ನಗುತ್ತ ಕುರ್ಚಿಯ ಮೇಲೆ ಕುಸಿದು ಕೂತರು. ಮಾಲೀಕರು ನನ್ನ ಕುಂಚಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು.

ಮರುದಿನ ರಜೆ ಕೊಟ್ಟರು. ಅಪ್ಪನಿಗೆ ಸ್ನೇಹಿತೆಯ ಮನೆಗೆ ಎಂದು ಹೇಳಿ ಬಸ್ ಹತ್ತಿದೆ. ನಿಮ್ಮ ನಿಲ್ದಾಣದಲ್ಲಿ ಎರಡನೆಯ ಪ್ಲಾಟ್‌ಫಾರ್ಮಿನ ಕಂಬದ ಪಕ್ಕ, ಸ್ಪೀಕರಿನ ಕೆಳಗೇ ಕೂತಿದ್ದೆ. ಮಾಸ್ಕು ಬಿಗಿಯಾಗಿ ಹಾಕಿದ್ದೆ, ಬೈಯಬೇಡಿ. ನಿಮ್ಮ ದನಿ ನಾನು ಅಂದುಕೊಂಡದ್ದಕ್ಕಿಂತ ದಪ್ಪ. ಒಂದು ಸಲ ಮಧ್ಯದಲ್ಲಿ ಕೆಮ್ಮು ಬಂದು 'ಕ್ಷಮಿಸಿ' ಎಂದಿರಿ. ಅದನ್ನು ಮೈಕಿನಲ್ಲಿ ಯಾರೂ ಹೇಳುವುದಿಲ್ಲ. ಮೇಲಿನ ನಿಮ್ಮ ಮೈಕಿನ ಕೋಣೆಯ ಗಾಜಿನ ತುಂಬ ಧೂಳು. ಒಂದು ಮೊಣಕೈ ಕಂಡಿತು, ನೀಲಿ ಅಂಗಿ. ಮೆಟ್ಟಿಲ ಬುಡದವರೆಗೆ ಬಂದೆ. ಹತ್ತಿ ಬಂದು ಏನೆಂದು ಹೇಳಲಿ? ಜಾಡಿ ಎತ್ತಿ ತೋರಿಸಲೇ? ನಮ್ಮ ಊರಿನ ಹೆಸರನ್ನು ನಿಜವಾಗಿಯೂ ಎರಡು ಸಲ ಕೂಗಿದಿರಿ. ಆ ಬಸ್ಸಿಗೇ ಹತ್ತಿ ಬಂದೆ.

ಕೈ ಹೇಗೆ ನೆಟ್ಟಗಾಯಿತು ಎಂದು ಕೇಳುತ್ತೀರಿ. ಗುರುವೇ, ನಿಮ್ಮದೇ ಪ್ರತಾಪ! ಮಾರ್ಚ್ ಕೊನೆಯ ತಪಾಸಣೆಗೆ, ರಕ್ತ ಕೊಡುವ ಮುಂಚೆ ಮಾತ್ರೆ ನುಂಗಿ ಹೋದೆ. ಮಟ್ಟ ಹೆಚ್ಚೆಂದು ಇಳಿಸಿದರು. ಹೋದ ತಿಂಗಳು ಮತ್ತೆ ಹಾಗೇ ಮಾಡಿದೆ, ಮತ್ತೆ ಇಳಿಸಿದರು. ಇವತ್ತೂ ನುಂಗಿ ಬಂದಿದ್ದೇನೆ. ಅಕ್ಕನಿಗೆ ಹೇಳಬೇಡಿ. ನಿಮಗೆ ಮಾತ್ರ ಹೇಳಿದ್ದು.

ಇಂತಿ,
ಬಲಗಡೆಯವಳು

*

ಮೇ 7, ಗುರುವಾರ

ಬಲಗಡೆಯವರಿಗೆ,

ನೀವು ನಿಲ್ದಾಣಕ್ಕೆ ಬಂದ ಸಾಲುಗಳನ್ನು ಮೂರು ಸಲ ಓದಿದೆ, ಬೆಂಚಿನ ಮೇಲೆ ಎಲ್ಲರ ಮುಂದೆ ನಗುತ್ತ. ಆಮೇಲೆ ಕೊನೆಯ ಸಾಲುಗಳಿಗೆ ಬಂದೆ. ಕಾಗದದ ತಲೆಯ ಮೇಲಿನ 1.4 ಅನ್ನು ಮತ್ತೆ ನೋಡಿದೆ. ಎದ್ದು ಹೋಗಿ ಡಾಕ್ಟರ ಬಾಗಿಲು ತಟ್ಟಿದೆ.

ಹೇಳಿಬಿಟ್ಟೆ. ಕಾಗದ ತೋರಿಸಲಿಲ್ಲ, ಬಾಯಲ್ಲಿ ಹೇಳಿದೆ. ನನ್ನ ಎದುರಿಗೇ ಅವರು ನಿಮ್ಮ ಅಪ್ಪನಿಗೆ ಫೋನ್ ಮಾಡಿದರು. ನೀವು ಇದನ್ನು ಓದುವ ಹೊತ್ತಿಗೆ ವಾರ್ಡಿನಲ್ಲಿರುತ್ತೀರಿ, ಅಕ್ಕ ಅಲ್ಲಿಗೇ ತಂದುಕೊಡುತ್ತಾರೆ.

ತಮಾಷೆಗೆಂದು ಬರೆದ ಆ ಪ್ರತಾಪವನ್ನು ನಾನು ಬರೆಯಬಾರದಿತ್ತು. ಅದು ನನ್ನ ಮೇಲಿದೆ. ಆದರೆ ಹೇಳಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಆ ಪುಣ್ಯಾತ್ಮರ ಮನೆಯವರು ಯಾರೋ, ಎಲ್ಲಿಯವರೋ, ತಮ್ಮ ಸಂಕಟದ ಮಧ್ಯೆ ಹೂಂ ಅಂದು ಕೊಟ್ಟದ್ದು. ತೀರಿಕೊಂಡವರಲ್ಲಿ ಉಳಿದದ್ದು ನಿಮ್ಮ ಹತ್ತಿರ ಅರ್ಧ, ನನ್ನ ಹತ್ತಿರ ಅರ್ಧ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಿಜ ಹೇಳಲೇ? ಬಾಗಿಲು ತಟ್ಟುವಾಗ ನನಗೆ ಆ ಮನೆಯವರ ನೆನಪು ಬರಲಿಲ್ಲ.

ಎಡಗಡೆಯವನು

*

ಮೇ 18, ಸೋಮವಾರ

ಎಡಗಡೆಯವರಿಗೆ,

ಸೂಜಿ ಚುಚ್ಚಿ ಕಿಡ್ನಿಯ ಚೂರು ತೆಗೆದು ನೋಡಿದರು. ಮೈ ತಿರುಗಿಬಿದ್ದಿದೆಯಂತೆ. ಮೂರು ದಿನ ಡ್ರಿಪ್ ಹಾಕಿದರು, ಮುಖ ಊದಿದೆ. ಸೋಮವಾರದ ಮಾತ್ರೆ ಮೊದಲಿನ ಲೆಕ್ಕಕ್ಕೆ ಏರಿದೆ. ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿದೆ. ಇಷ್ಟು ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು.

ನಾನು ಬರೆದದ್ದು ನಿಮಗೆ. ಡಾಕ್ಟರಿಗೆ ಹೇಳುವುದಿದ್ದರೆ ಅವರ ಬಾಗಿಲು ನನಗೂ ಗೊತ್ತಿತ್ತು.

ಕಿಡ್ನಿ ಎಲ್ಲರದು. ಕೈ ಯಾರದು?

ಇನ್ನು ಬರೆಯುವುದಿಲ್ಲ.

*

ಜೂನ್ 4, ಗುರುವಾರ

ಬಲಗಡೆಯವರಿಗೆ,

1.2. ನೀವು ಕೇಳಿಲ್ಲ, ಆದರೂ.

ಇವತ್ತು ಅಧ್ಯಯನದ ಹುಡುಗಿ ನನ್ನ ಫೈಲಿನ ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ ಏನೋ ಬರೆಯುತ್ತಿದ್ದಳು. ಬಗ್ಗಿ ನೋಡಿದೆ. 'ಜೋಡಿ ಇಲ್ಲ.' ನೀವು ಅಧ್ಯಯನದಿಂದ ಹೊರಗೆ ಹೋದ ಮೇಲೆ ನನ್ನ ಅಂಕಿಯೂ ಜೋಡಿಯ ಲೆಕ್ಕಕ್ಕೆ ಬರುವುದಿಲ್ಲವಂತೆ. 'ಬೇಜಾರ್ ಮಾಡ್ಕೋಬೇಡಿ ಸಾರ್, ಒಂಟಿ ಲೆಕ್ಕದಲ್ಲಿ ಇಟ್ಕೋತೀವಿ' ಎಂದಳು, ಸಮಾಧಾನ ಹೇಳುವ ಹಾಗೆ.

ಕೈ ಯಾರದು ಎಂದು ಕೇಳಿದಿರಿ. ಕೈ ನಿಮ್ಮದೇ. ಗಡಿಯಾರದ ಅಂಗಡಿಯ ಆ ಯಜಮಾನರು ತಪ್ಪಾಗಿ ಬೆರಳು ತೋರಿಸಿದ ಕತೆಯನ್ನು ನಾನು ಅಮ್ಮನಿಗೆ ಹೇಳಿದೆ, ಟಿಕೆಟ್ ಕೌಂಟರಿನವನಿಗೆ ಹೇಳಿದೆ, ಗುರುತಿಲ್ಲದ ಒಬ್ಬ ಪ್ರಯಾಣಿಕನಿಗೂ ಹೇಳಿದೆ. ಅಂಥದ್ದು ನನ್ನ ಕೈಯಿಂದ ಆಗಿದ್ದರೆ, ಮತ್ತೆಂದೂ ಆಗದಂತೆ ಯಾರಾದರೂ ಮಾಡಿದ್ದರೆ, ನಾನೂ ಅವರಿಗೆ ಬರೆಯುತ್ತಿರಲಿಲ್ಲ.

ನಮ್ಮ ಕೋಣೆಯ ಗಾಜು ಒರೆಸಿದ್ದೇನೆ. ಈಗ ಎರಡನೆಯ ಪ್ಲಾಟ್‌ಫಾರ್ಮಿನ ಕಂಬ ಚೆನ್ನಾಗಿ ಕಾಣುತ್ತದೆ.

ಎಡಗಡೆಯವನು

*

ಜೂನ್ 30, ಮಂಗಳವಾರ

ಎಡಗಡೆಗೆ,

ನಾನು ರಕ್ತ ತೆಗೆಯೋಳು ಕಣಪ್ಪ, ಕಾಗದ ಬರೆಯೋಳಲ್ಲ. ಆದ್ರೆ ನೀನು ಬರೋ ಗುರುವಾರ ನಾನಿರಲ್ಲ, ಮಗಳ ಹೆರಿಗೆ, ಹದಿನೈದು ದಿನ ರಜೆ. ನೀನು ಬಂದು 'ಟಪಾಲು ಇದೆಯಾ ಅಕ್ಕ?' ಅಂತ ಬೇರೆ ಯಾರನ್ನೋ ಕೇಳಿ ಪೆಚ್ಚುಮೋರೆ ಹಾಕ್ಕೊಂಡು ನಿಲ್ಲೋದು ಬೇಡ ಅಂತ ಬರೆದಿಟ್ಟಿದೀನಿ. ಟಪಾಲು ಇಲ್ಲ.

ಅವಳು ಚೆನ್ನಾಗಿದಾಳೆ. ಡ್ರಿಪ್ ಕೆಲಸ ಮಾಡ್ತು. ಅಂಕಿ ಎರಡೂವರೆ ಮುಟ್ಟಿತ್ತು, ಈಗ ಎರಡರ ಕೆಳಗೆ ಬಂದಿದೆ. ಇನ್ನೂ ಎರಡು ವಾರ ತಡವಾಗಿದ್ರೆ ಕಿಡ್ನಿ ಕೈಬಿಟ್ಟು ಹೋಗ್ತಿತ್ತು ಅಂತ ಡಾಕ್ಟರು ಅವಳ ಎದುರಿಗೇ ಹೇಳಿದಾರೆ. ಅವಳು ಗೋಡೆ ನೋಡ್ತಾ ಇದ್ಲು. ನಿನ್ನ ಕಾಗದ ಇಸ್ಕೊಂಡ್ಲು, ಓದಿದ್ಲೋ ಬಿಟ್ಲೋ ನಾ ಕಾಣೆ. ಹರಿದು ಹಾಕಿಲ್ಲ ಅನ್ನೋದು ಮಾತ್ರ ನೋಡಿದೀನಿ.

ನನ್ನ ಮೇಲೂ ನನಗೆ ಸಿಟ್ಟಿದೆ. ಮೂರು ಸಲ ಅವಳ ತೋಳು ಹಿಡಿದು ರಕ್ತ ತೆಗೆದೆ. 'ಮಾತ್ರೆ ಆಯ್ತೇನಮ್ಮ?' ಅಂತ ಕೇಳಿದ್ದಕ್ಕೆ 'ಇನ್ನೂ ಇಲ್ಲಕ್ಕ, ಚೀಲದಲ್ಲಿದೆ' ಅಂತ ನಗ್ತಾ ಅಂದ್ಲು. ಅವಳ ನಗು ನಂಬಿದೆ.

ಸರಿಯಾದ ಹೊತ್ತಿಗೆ ಮಾತ್ರೆ ತಗೋ. ರಕ್ತ ಕೊಟ್ಟಾದ ಮೇಲೆ!

ಅಕ್ಕ

*

ಆಗಸ್ಟ್ 12, ಬುಧವಾರ

ಎಡಗಡೆಯವರಿಗೆ,

1.8. ಇದಕ್ಕಿಂತ ಇಳಿಯುವುದಿಲ್ಲವಂತೆ. ಹೋದದ್ದು ಹೋಯಿತು, ಉಳಿದದ್ದನ್ನು ಜೋಪಾನ ಮಾಡಿದರೆ ಬಹಳ ವರ್ಷ ಬರುತ್ತದೆ ಎಂದಿದ್ದಾರೆ. ಈ ಸಲ ಅಕ್ಕನ ಕೈಗೆ ಕೊಡದೆ ಅಂಚೆಗೆ ಹಾಕುತ್ತಿದ್ದೇನೆ, ನಿಮ್ಮ ನಿಲ್ದಾಣದ ವಿಳಾಸಕ್ಕೆ. ಹೆಸರಿನ ಜಾಗದಲ್ಲಿ 'ಮೈಕಿನವರು' ಎಂದು ಬರೆಯುತ್ತೇನೆ, ತಲುಪಬಹುದು.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎಂದು ಬರೆಯಲಾರೆ. ಬೆಳಗ್ಗೆ ಇರುವುದಿಲ್ಲ, ಮಧ್ಯಾಹ್ನ ಕೈ ನಡುಗುವಾಗ ಬರುತ್ತದೆ. ಆದರೆ ನಿಮ್ಮ ಮೇ ತಿಂಗಳ ಕಾಗದದ ಕೊನೆಯ ಸಾಲು ಇದೆಯಲ್ಲ, ಬಾಗಿಲು ತಟ್ಟುವಾಗ ಆ ಮನೆಯವರ ನೆನಪು ಬರಲಿಲ್ಲ ಎಂಬುದು, ಅದನ್ನು ವಾರ್ಡಿನಲ್ಲಿ ಓದಿದಾಗ ತಲೆಗೆ ಹೋಗಿರಲಿಲ್ಲ. ಜುಲೈಯಲ್ಲಿ ಮತ್ತೆ ಓದಿದೆ. ಆಗ ಹೋಯಿತು.

ಡಾಕ್ಟರು ಎದುರಿಗೆ ಕೂರಿಸಿಕೊಂಡು ಆಯ್ಕೆ ಕೇಳಿದರು. 'ಈಗ ನೀವು ಅಧ್ಯಯನದಲ್ಲಿಲ್ಲ. ಬೇಕಿದ್ರೆ ಇನ್ನೊಂದು ಮಾತ್ರೆಗೆ ಬದಲಿಸಿ ನೋಡಬಹುದು. ಕೈ ಸುಧಾರಿಸುತ್ತೆ. ಆದರೆ ಈಗಷ್ಟೇ ಒಂದು ಸಲ ಮೈ ತಿರುಗಿಬಿದ್ದಿದೆ. ಅದು ಸಾಕಷ್ಟು ಗಟ್ಟಿಯಾಗಿ ಹಿಡಿಯುತ್ತೆ ಅಂತ ನಾನು ಮಾತು ಕೊಡಲ್ಲ.'

ಅಪ್ಪ ನನ್ನ ಮುಖ ನೋಡಲಿಲ್ಲ. ಛತ್ರಿಯ ಹಿಡಿಯನ್ನೇ ನೋಡುತ್ತಿದ್ದರು. ನಾನು ಸೋಮವಾರದ್ದೇ ಇರಲಿ ಎಂದೆ. ದೊಡ್ಡ ಮನಸ್ಸು ಮಾಡಿ ಅಂದದ್ದಲ್ಲ, ಅಳುತ್ತ ಅಂದದ್ದು.

ಹಾಳೆಯಲ್ಲಿ ಈಗ 'ತೀವ್ರ'ಕ್ಕೆ ಗುರುತು ಹಾಕುತ್ತೇನೆ. ಅಧ್ಯಯನದ ಹುಡುಗಿ 'ನಿಮ್ಮದು ಲೆಕ್ಕಕ್ಕೆ ಬರಲ್ಲ ಮೇಡಂ' ಎಂದಳು. 'ಬರದಿದ್ರೂ ಬರ್ಕೊಳ್ಳಮ್ಮ, ಮುಂದೆ ಯಾರಾದ್ರೂ ಕಣ್ಣು ಬರೆಯೋರು ಬರಬಹುದು' ಎಂದೆ. ಬರೆದುಕೊಂಡಳು.

ಕಾರ್ಖಾನೆಗೆ ಹೋಗುತ್ತಿದ್ದೇನೆ. ಅಚ್ಚು ಉಜ್ಜುತ್ತೇನೆ. ಇನ್ನೊಬ್ಬಳಿಗೆ ಪಕ್ಕದಲ್ಲಿ ಕೂತು 'ಇಲ್ಲಿ ಬೂದಿ ಜಾಸ್ತಿಯಾಯ್ತು, ಅಲ್ಲಿ ಜೇನು ಬೇಕು' ಎಂದು ಹೇಳುತ್ತೇನೆ. 'ಅಕ್ಕಾ, ನೀವು ಸುಮ್ನಿದ್ರೆ ನನ್ ಕೈನೂ ನಡುಗಲ್ಲ' ಎಂದು ಅವಳು ಬೈಯುತ್ತಾಳೆ.

ಇನ್ನೊಂದು ವಿಷಯ. ಹೋದ ತಪಾಸಣೆಯ ದಿನ ಮಾತ್ರೆ ನುಂಗದೆ, ಚೀಲದಲ್ಲೇ ಇಟ್ಟುಕೊಂಡು, ರಕ್ತ ಕೊಡಲು ಸಾಲಿನಲ್ಲಿ ಕೂತಿದ್ದೆ. ಈಗ ಅಕ್ಕ ಬಾಯಿ ತೆರೆಸಿ ನೋಡಿಯೇ ಸೂಜಿ ಹಾಕುವುದು. ರಿಜಿಸ್ಟರಿಗೆ ಸಹಿ ಹಾಕಿದೆ. ಸಹಿ ನೆಟ್ಟಗೆ ಬಂತು. ಇನ್ನೊಂದು ಸಲ ಹಾಕಿ ನೋಡಿದೆ, ಮತ್ತೆ ನೆಟ್ಟಗೆ. ಡಾಕ್ಟರನ್ನು ಕೇಳಿದೆ. ಮಾತ್ರೆ ನುಂಗಿದ ಮೇಲೆ ಔಷಧ ರಕ್ತದಲ್ಲಿ ಏರುತ್ತದೆ, ಆಗ ನಡುಕ ಹೆಚ್ಚು. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಾಗ ಅತಿ ಕಡಿಮೆ ಇರುತ್ತದೆ, ಆಗ ನಡುಕವೂ ಕಡಿಮೆ ಇರಬಹುದು ಎಂದರು. ಮಾತ್ರೆಯನ್ನು ಒಂದು ನಿಮಿಷವೂ ಮುಂದಕ್ಕೆ ಹಾಕಬಾರದು ಎಂದು ಬೆರಳು ತೋರಿಸಿ ಹೇಳಿದರು. ಹಾಕುವುದಿಲ್ಲ.

ಮಾಲೀಕರು ಒಂದು ಬೀಗದ ಕೈ ನನಗೆ ಕೊಟ್ಟಿದ್ದಾರೆ. ಬೆಳಗಿನ ಮಾತ್ರೆ ಎಂಟಕ್ಕೆ. ಏಳಕ್ಕೆ ಹೋಗಿ ಕಿಟಕಿ ತೆರೆಯುತ್ತೇನೆ. ಏಳರಿಂದ ಎಂಟರವರೆಗೆ ಕೈ ನನ್ನ ಮಾತು ಕೇಳುತ್ತದೆ. ಮೊದಲು ಮೂರು ದಿನದಲ್ಲಿ ಮುಗಿಯುತ್ತಿದ್ದ ಕಣ್ಣಿಗೆ ಈಗ ಮೂರು ವಾರ ಬೇಕು. ಕಾಯುತ್ತೇವೆ ಅನ್ನುವವರು ಕಾಯುತ್ತಾರೆ. ದಿನಕ್ಕೆ ಆ ಒಂದು ಗಂಟೆ, ಅಷ್ಟೇ ನನ್ನದು. ಅದರಲ್ಲಿ ಒಂದು ನಿಮಿಷವನ್ನೂ ಯಾರಿಗೂ ಕೊಡುವುದಿಲ್ಲ. ಅಪ್ಪ ಫೋನ್ ಮಾಡಿದರೂ ಎತ್ತುವುದಿಲ್ಲ.

ಜೋಡಿ ಮುರಿದವರಿಗೆ ವಾರದ ಕಟ್ಟೂ ಇಲ್ಲವಂತೆ, ನಾನು ಯಾವತ್ತು ಬೇಕಾದರೂ ತಪಾಸಣೆಗೆ ಬರಬಹುದಂತೆ. ಸೆಪ್ಟೆಂಬರಿಗೆ ಗುರುವಾರ ಕೇಳಿದ್ದೇನೆ. ಬಸ್ಸು ರಶ್ಶಿದ್ದರೂ ಸರಿ. ಹಸಿರು ಟೋಪಿ ಈಗಿಲ್ಲ, ಮುಖ ಸ್ವಲ್ಪ ಊದಿದೆ, ಬೂದು ಬಣ್ಣದ ಚೀಲ ಇರುತ್ತದೆ. ನೀವು ಸಿಗದಿದ್ದರೆ ನಿಮ್ಮ ನಿಲ್ದಾಣದ ಮೆಟ್ಟಿಲು ಹತ್ತಿ ಬರುತ್ತೇನೆ, ಏನು ಹೇಳಬೇಕೆಂದು ಗೊತ್ತಿಲ್ಲದಿದ್ದರೂ.

ನೆಟ್ಟಗಿರುವ ಅಕ್ಷರ ನೋಡಿ ಅನುಮಾನಪಡಬೇಡಿ, ಮಾತ್ರೆ ತಪ್ಪಿಸಿಲ್ಲ. ಈಗ ಎಂಟಾಗಲು ಐದು ನಿಮಿಷ. ಕಿಟಕಿಯ ಮುಂದೆ ಇವತ್ತಿನ ಕಣ್ಣು ಹಾಗೇ ಇದೆ, ಒಂದು ಗೆರೆಯನ್ನೂ ಎಳೆದಿಲ್ಲ. ಏಳಕ್ಕೆ ಬಂದು ಕೂತವಳು ಇದನ್ನೇ ಬರೆಯುತ್ತಿದ್ದೇನೆ.

ಇಂತಿ,
ಬಲಗಡೆಯವಳು